ಬೇಸ್‌ಮೆಂಟಿನ ವಿಮಾನ

ಎಡಗಡೆಯ ಹಸಿರು ದೀಪ ಇವತ್ತೂ ಹತ್ತಲಿಲ್ಲ. ಮೂರರಲ್ಲಿ ಎರಡು ಹತ್ತಿ ಒಂದು ಹತ್ತದಿದ್ದರೆ ಚಕ್ರಗಳಲ್ಲಿ ಒಂದು ಕೆಳಗಿಳಿದಿಲ್ಲವೆಂದು ಅರ್ಥ. ಆದರೆ ಈ ವಿಮಾನಕ್ಕೆ ಚಕ್ರಗಳೇ ಇಲ್ಲ. ರೆಕ್ಕೆಯಿಲ್ಲ, ಬಾಲವಿಲ್ಲ; ಇರುವುದು ಪೈಲಟ್ ಕೂರುವ ಮೂತಿಯ ಭಾಗವೊಂದೇ, ಅದೂ ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯೊಂದರ ಬೇಸ್‌ಮೆಂಟಿನಲ್ಲಿ, ವಾಟರ್ ಹೀಟರಿಗೂ ಸೋನಾ ಮಸೂರಿ ಚೀಲಗಳಿಗೂ ನಡುವೆ. ಇಲ್ಲದ ಚಕ್ರ ಇಳಿಯಲಿಲ್ಲವೆಂದು ಕಲ್ಮೇಶ ಬೆಳಗಿನ ಆರು ಗಂಟೆಯಿಂದ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪ್ಯಾನೆಲಿನ ಅಡಿಯಲ್ಲಿ ಕೈಯಾಡಿಸುತ್ತಿದ್ದ. ವೈರುಗಳಿಗೆಲ್ಲ ಅವನು ಮಾಸ್ಕಿಂಗ್ ಟೇಪು ಸುತ್ತಿ ಕನ್ನಡ ಅಂಕಿಗಳಲ್ಲಿ ನಂಬರು ಬರೆದಿದ್ದ. ಶುರು ಮಾಡಿದಾಗ ಅದೊಂದು ಗತ್ತು. ಈಗ ನಾಲ್ಕು ವರ್ಷ ಹಳೆಯದಾದ ತನ್ನದೇ ಕೈಬರಹದಲ್ಲಿ ಆರು ಯಾವುದು, ಒಂಬತ್ತು ಯಾವುದು ಎಂದು ತಿಳಿಯದೆ ತನ್ನನ್ನೇ ಬೈದುಕೊಳ್ಳುವುದಾಗಿತ್ತು. ಇಂಥ ಹುಚ್ಚಿನವರೇ ಸೇರುವ ಇಂಟರ್ನೆಟ್ಟಿನ ಗುಂಪೊಂದರಲ್ಲಿ ಫೋಟೋ ಹಾಕಿ ಸಹಾಯ ಕೇಳಿದಾಗ, ಓಹಾಯೋದ ಮುದುಕನೊಬ್ಬ ಇದು ಯಾವ ದೇಶದ ವಾಯುಪಡೆಯ ಗುಪ್ತ ಸಂಕೇತ ಎಂದು ಕೇಳಿದ್ದ. ಅದಕ್ಕೆ ನಲವತ್ತು ಜನ ನಕ್ಕಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಜನ ಬರುತ್ತಾರೆ. ಅದಕ್ಕಿಂತ ಮುಂಚೆ ಶಿಕಾಗೋ ಪಕ್ಕದ ಲೊಂಬಾರ್ಡಿನಿಂದ ಮಗಳು ರಿಯಾ ಬರುತ್ತಾಳೆ. ದೀಪ ಹತ್ತಲೇಬೇಕು.

ರಿಯಾ ಬಂದು ಎಡಗಡೆಯ ಸೀಟಿನಲ್ಲಿ ಕೂತು ಈ ವಿಮಾನವನ್ನು ಎದುರಿನ ಕಂಪ್ಯೂಟರ್ ಪರದೆಗಳ ಆಕಾಶಕ್ಕೆ ಒಮ್ಮೆ ಎಬ್ಬಿಸಿದರೆ ಸಾಕು, ಆರು ವರ್ಷಗಳ ಹಿಂದೆ ತಾನು ಆಡಿದ ಮಾತು ಅಳಿಸಿಹೋಗುತ್ತದೆ ಎಂದು ಕಲ್ಮೇಶ ನಂಬಿದ್ದ. ಈ ನಂಬಿಕೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದರ ಪೆದ್ದುತನ ತನಗೇ ಕೇಳಿಸೀತು ಎಂಬ ಭಯವಿತ್ತು. ಮಗಳಿಗೆ ತಪ್ಪಾಯ್ತು ಎನ್ನಲು ಎರಡು ಸೆಕೆಂಡು ಸಾಕು. ಅದನ್ನು ಹೇಳಲಾರದೆ ಅವನು ನಾಲ್ಕು ವರ್ಷ ಶನಿವಾರ ಭಾನುವಾರಗಳನ್ನು ಕೊಟ್ಟಿದ್ದ. ಇಲಿನಾಯ್ಸಿನ ಜೋಳದ ಹೊಲಗಳ ನಡುವೆ ಒಂದು ಗುಜರಿ ಅಂಗಳವಿದೆ. ಹಾರಾಟ ಮುಗಿಸಿದ ವಿಮಾನಗಳನ್ನು ಅಲ್ಲಿ ತಂದು ಕೊಯ್ಯುತ್ತಾರೆ. ಅಲ್ಲಿಂದ ಸೀಟು ತಂದ, ಕುರಿತುಪ್ಪಳದ ಹೊದಿಕೆ ಸಮೇತ. ಯೋಕ್ ತಂದ, ಅಂದರೆ ವಿಮಾನದ ಸ್ಟೀರಿಂಗು. ಎಂಜಿನಿಗೆ ಜೋರು ಕೊಡುವ ಜೋಡಿ ಲಿವರುಗಳನ್ನು ತಂದ ದಿನ ಹಿಮ ಬಿದ್ದು, ಇನ್ನೂರೆಂಬತ್ತು ಮೈಲು ಒಂಬತ್ತು ತಾಸು ಹಿಡಿದಿತ್ತು. ಯಾರು ಯಾರೋ ಎಷ್ಟೋ ವರ್ಷ ಹಿಡಿದು ಸವೆಸಿದ ಆ ಲಿವರಿನ ತುದಿಯಲ್ಲಿ ಬಣ್ಣ ಹೋಗಿ ಬಿಳಿಯ ಲೋಹ ಕಾಣುತ್ತಿತ್ತು. ಅಪ್ಪನ ಬಸ್ಸಿನ ಗೇರಿನ ಗುಂಡೂ ಹಾಗೆಯೇ ಇತ್ತು. ಚಿಕ್ಕಂದಿನಲ್ಲಿ ಅದರ ಎಂಜಿನ್ನಿನ ಬಾನೆಟ್ಟಿನ ಮೇಲೆ ಹಾಸಿದ್ದ ಹರಕು ಗೋಣಿಯ ಮೇಲೆ ಕೂತರೆ ಕುಂಡೆ ಸುಡುತ್ತಿತ್ತು, ಡ್ಯಾಶ್‌ಬೋರ್ಡಿನ ಒಂದು ಮೀಟರಿನ ಮುಳ್ಳೂ ಆಡುತ್ತಿರಲಿಲ್ಲ. ಅಪ್ಪ ಮಲ್ಲಪ್ಪ ಖಾಕಿ ತೋಳು ಮಡಚಿ, ಕಿವಿಯಿಂದಲೇ ವೇಗ ತಿಳಿದು, ಗದಗಿನಿಂದ ಹುಬ್ಬಳ್ಳಿಗೆ ಬಸ್ಸು ಹೊಡೆಯುತ್ತಿದ್ದ. ಆ ಖಾಕಿಯನ್ನು ಕಲ್ಮೇಶ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಯಾರಿಗೂ ತಿಳಿಯಗೊಟ್ಟಿರಲಿಲ್ಲ. ನಮ್ಮ ತಂದೆ ಸಾರಿಗೆ ಇಲಾಖೆಯಲ್ಲಿದ್ದಾರೆ ಎನ್ನುತ್ತಿದ್ದ. ಮದುವೆಯ ಮಾತುಕತೆಯಲ್ಲೂ ಹಾಗೇ ಅಂದ, ಮಗಳಿಗೂ ಹಾಗೇ ಅಂದ.

ಆ ಮಾತು ಆಡಿದ್ದು ಅಡುಗೆಮನೆಯಲ್ಲಿ, ಮಾರ್ಚ್ ತಿಂಗಳಲ್ಲಿ, ಚಪಾತಿ ತಿನ್ನುತ್ತಾ. ರಿಯಾಗೆ ಆಗ ಹದಿನೆಂಟು. ವಿಮಾನ ಹಾರಿಸುವುದನ್ನು ಕಲಿಸುವ ಕಾಲೇಜೊಂದರ ಅರ್ಜಿಯನ್ನು ತಾನೇ ತುಂಬಿ, ಅಪ್ಪ ಸಹಿ ಮಾಡಬೇಕಾದ ಜಾಗಕ್ಕೆ ಹಳದಿ ಚೀಟಿ ಅಂಟಿಸಿ ತಂದು ತಟ್ಟೆಯ ಪಕ್ಕ ಇಟ್ಟಿದ್ದಳು. ಅವನು ಅದನ್ನು ಪೂರ್ತಿ ಓದಲೂ ಇಲ್ಲ. "ಡ್ರೈವರ್ ಆಗಾಕ ಕಾಲೇಜ್ ಯಾಕ ಬೇಕ? ನಮ್ಮ ಮನ್ಯಾಗ ಒಬ್ಬಾಂವ ಡ್ರೈವರ್ ಆಗಿದ್ದು ಸಾಕು" ಎಂದ. ಯಾರು ಡ್ರೈವರ್ ಆಗಿದ್ದರು ಎಂದು ರಿಯಾ ಇಂಗ್ಲಿಷಿನಲ್ಲಿ ಕೇಳಿದಳು. ಅವನು ಚಪಾತಿ ಮುರಿದ. ಹೆಂಡತಿ ವಾಣಿಶ್ರೀ ಒಲೆಯ ಕಡೆ ತಿರುಗಿ ನಿಂತಳು. ರಿಯಾ ಹಳದಿ ಚೀಟಿಯನ್ನು ನಿಧಾನವಾಗಿ ಕಿತ್ತು ಬೆರಳಿಗೆ ಅಂಟಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು; ಆಮೇಲೆ ಶಿಕಾಗೋದಲ್ಲಿ ಕಂಪ್ಯೂಟರ್ ಓದಿದಳು, ಲೊಂಬಾರ್ಡಿನಲ್ಲಿ ಕೆಲಸಕ್ಕೆ ಸೇರಿದಳು, ಹಬ್ಬಕ್ಕೆ ಹುಣ್ಣಿಮೆಗೆ ಫೋನ್ ಮಾಡಿದಳು. ಜಗಳವೇನೂ ಆಗಲಿಲ್ಲ. ಜಗಳ ಆಗಿದ್ದರೆ ಮುಗಿದಾದರೂ ಹೋಗುತ್ತಿತ್ತು. ಫೋನಿನಲ್ಲಿ ಪ್ರತಿ ಸಲ ಅವಳು ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳುತ್ತಿದ್ದಳು: "ಕಾಕ್‌ಪಿಟ್ ಮುಗೀತಾ ಅಪ್ಪ?" ಇನ್ನ ಎರಡ ವಾರ, ಎನ್ನುತ್ತಿದ್ದ. ಆ ಪ್ರಶ್ನೆ ಚುಚ್ಚುತ್ತಿದೆಯೋ ಕಾಯುತ್ತಿದೆಯೋ ಅವನಿಗೆ ಒಮ್ಮೆಯೂ ತಿಳಿಯಲಿಲ್ಲ.

"ರೀ, ಇನ್ನೂ ಅಲ್ಲೇ ಬಿದ್ಕೊಂಡಿದೀರಾ?" ಮೆಟ್ಟಿಲ ಮೇಲಿನಿಂದ ವಾಣಿಶ್ರೀಯ ದನಿ ಬಂತು. "ಹತ್ತೂವರೆ ಆಯ್ತು. ಸ್ನಾನ ಮಾಡ್ಕೊಳ್ಳಿ. ನಾನು ರಿಯಾನ ಕರ್ಕೊಂಡ್ ಬರ್ತೀನಿ."

"ಆಕಿ ಕಾರ್ ಏನಾತು?"

"ಯಾವ್ದೋ ಫ್ರೆಂಡ್ ಜೊತೆ ಬರ್ತಿದಾಳಂತೆ. ಹೈವೇ ಎಕ್ಸಿಟ್ ಹತ್ರ ಇಳ್ಸಿ ಹೋಗ್ತಾರಂತೆ."

"ಯಾವ ಎಕ್ಸಿಟ್?"

ಗ್ಯಾರೇಜಿನ ಬಾಗಿಲು ಏಳುವ ಸದ್ದು ಕೇಳಿತು. ಮತ್ತೆ ಹಲ್ಲಿಗೆ ಕಚ್ಚಿದ ಟಾರ್ಚು ಜೊಲ್ಲಿಗೆ ಜಾರಿ ಅವನ ಗಲ್ಲದ ಮೇಲೆ ಬಿತ್ತು. ಸಿಟ್ಟಿನಿಂದ ಅವನು ಪ್ಯಾನೆಲಿಗೆ ಒಂದು ಗುದ್ದು ಕೊಟ್ಟ. ಎಡಗಡೆಯ ದೀಪ ಹತ್ತಿತು. ಯಾಕೆ ಹತ್ತಿತು ಎಂದು ಗೊತ್ತಿಲ್ಲದೆ ಹತ್ತಿದ ದೀಪವನ್ನು ಯಾವ ಎಂಜಿನಿಯರನೂ ನಂಬಬಾರದು. ಅವನು ನಂಬಿ ಸ್ನಾನಕ್ಕೆ ಹೋದ.

ಹಬ್ಬಗಳೆಲ್ಲ ಶನಿವಾರವೇ ಬರುವ ದೇಶ ಇದು. ಆಯುಧಪೂಜೆ ವಾರದ ನಡುವೆ ಬಂದು ಹೋಗಿತ್ತು, ವಿಜಯದಶಮಿಯೂ ಹೋಗಿತ್ತು. ಎರಡನ್ನೂ ಹಿಡಿದು ತಂದು ಈ ಶನಿವಾರ ಒಂದೇ ತಟ್ಟೆಯಲ್ಲಿ ಇಟ್ಟಿದ್ದರು. ವಿಮಾನಕ್ಕೆ ಪೂಜೆ ಮಾಡಿ ಅದೇ ದಿನ ಮೊದಲ ಹಾರಾಟ ಮಾಡಿಸಬೇಕೆಂಬುದು ಕಲ್ಮೇಶನದೇ ಯೋಚನೆ. ಬನ್ನಿ ಎಲೆಗೆ ಅವನು ಡಿಯರ್‌ಬಾರ್ನಿನ ಆಫೀಸಿನ ಪಾರ್ಕಿಂಗ್ ಜಾಗದ ಗಿಡವೊಂದನ್ನು ವರ್ಷವೂ ಸುಲಿಯುತ್ತಿದ್ದ. ಅದರ ಹೆಸರು ಹನಿ ಲೋಕಸ್ಟ್. ಎಲೆ ಬನ್ನಿಯಂತೆಯೇ ಪುಟಾಣಿ, ಅಕ್ಟೋಬರಿನಲ್ಲಿ ಹಳದಿಯಾಗಿ ನಿಜಕ್ಕೂ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಸೆಕ್ಯುರಿಟಿಯವನು ಒಮ್ಮೆ ಏನು ಮಾಡುತ್ತಿದ್ದೀಯ ಎಂದು ಕೇಳಿದಾಗ ಸಲಾಡಿಗೆ ಎಂದು ಹೇಳಿ ತಪ್ಪಿಸಿಕೊಂಡಿದ್ದ. ಹನ್ನೊಂದೂಕಾಲಿಗೆ ತಾಯಿ ಮಗಳು ಒಳಗೆ ಬಂದರು. ರಿಯಾಳ ಕೂದಲಿನಲ್ಲಿ, ನೆತ್ತಿಯ ಅಡ್ಡಕ್ಕೆ, ಏನೋ ಒತ್ತಿಹಿಡಿದಂಥ ಒಂದು ಗೆರೆಯಿತ್ತು. ದಾರಿಯುದ್ದಕ್ಕೂ ಹೆಡ್‌ಫೋನ್ ಹಾಕಿ ಹಾಡು ಕೇಳಿಕೊಂಡು ಬಂದಿರಬೇಕು ಎಂದುಕೊಂಡ. ಅವಳು ಶೂ ಕಳಚಿ, ಅಮ್ಮ ಕೈಗಿತ್ತ ಎಲೆಗಳನ್ನು ಅವನ ಅಂಗೈಯಲ್ಲಿಟ್ಟು, ಬಗ್ಗಿ ಕಾಲು ಮುಟ್ಟಿದಳು. ಬನ್ನಿ ಕೊಟ್ಟಾಗ ಹಳೆಯದನ್ನೆಲ್ಲ ಮರೆಯಬೇಕು, ಅದು ಗದಗಿನ ಕಡೆಯ ರೂಢಿ; ತಪ್ಪಾಯ್ತು ಎಂದು ಈಗ ಹೇಳಿದರೆ ಹೇಳಿದ ಹಾಗೆ. "ಬಂಗಾರದಂಗ ಇರೂಣು" ಎಂದಷ್ಟೇ ಬಾಯಿಗೆ ಬಂತು. ರಿಯಾ "ಯೂ ಟೂ, ಅಪ್ಪ" ಎಂದಳು. ಎಲೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅಂಗಿಯ ಜೇಬಿಗೆ ಹಾಕಿಕೊಂಡ.

ಹನ್ನೆರಡಕ್ಕೆ ಸರಿಯಾಗಿ ಡಾಕ್ಟರ್ ಬಾಲು ಮತ್ತು ಅವರ ಹೆಂಡತಿ ಛಾಯಾ ಬಂದರು, ಬೆನ್ನಿಗೇ ಕನ್ನಡ ಕೂಟದ ಇನ್ನೆಂಟು ಹತ್ತು ಜನ. ಎಲ್ಲರೂ ಸಾಲಾಗಿ ಬೇಸ್‌ಮೆಂಟಿಗೆ ಇಳಿದು ಮದುಮಗಳನ್ನು ನೋಡುವವರಂತೆ ವಿಮಾನದ ಮೂತಿಯನ್ನು ಸುತ್ತ ನಿಂತು ನೋಡಿದರು. ಇದರ ಬದಲು ನಿಜವಾದದ್ದೇ ಒಂದು ತಗೋಬಹುದಿತ್ತಲ್ವಾ ಎಂದರು ಒಬ್ಬರು. ಮಕ್ಕಳ ವಿಡಿಯೋ ಗೇಮಿನ ಹಾಗೇನಾ ಎಂದರು ಇನ್ನೊಬ್ಬರು. ಹಾಗಲ್ಲ, ಎಂದು ಕಲ್ಮೇಶ ಎಲ್ಲರಿಗೂ ಒಂದೇ ಉತ್ತರವನ್ನು ನಗುನಗುತ್ತಾ ಕೊಟ್ಟ. ನಗು ದವಡೆಯಲ್ಲಿ ನೋಯುತ್ತಿತ್ತು. ಬಾಲು ಎಡಗಡೆಯ ಸೀಟಿನಲ್ಲಿ ಕೂತು ಎರಡೂ ಲಿವರುಗಳನ್ನು ಒಟ್ಟಿಗೆ ಹಿಡಿದು ಬುರ್ರೆಂದು ಬಾಯಲ್ಲಿ ಸದ್ದು ಮಾಡಿದರು. ಆ ಸೀಟಿನಲ್ಲಿ ಮೊದಲು ರಿಯಾ ಕೂರಬೇಕಿತ್ತು. ಏಳಿ ಎನ್ನಲು ಕಲ್ಮೇಶನಿಗೆ ಬಾಯಿ ಬರಲಿಲ್ಲ. "ಇದನ್ನ ರಿಯಾ ಸಲುವಾಗಿ ಮಾಡೇನ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಚಪ್ಪಾಳೆ ಬಿತ್ತು. ಎಲ್ಲರೂ ತಿರುಗಿ ರಿಯಾಳನ್ನು ನೋಡಿದರು. ಅವಳು ವಾಟರ್ ಹೀಟರಿನ ಪಕ್ಕದಲ್ಲಿ ನಿಂತು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಬಹುಮಾನ ಬಂದವರು ನಗುವ ಹಾಗೆ ನಕ್ಕಳು. ಇದು ಬೇಕೇ ಎಂದು ಅವಳನ್ನು ಒಮ್ಮೆ ಕೇಳಬೇಕಿತ್ತು ಎಂದು ಅವನಿಗೆ ಆಗ ಹೊಳೆಯಿತು. ನಾಲ್ಕು ವರ್ಷದಲ್ಲಿ ಹೊಳೆಯದ್ದು ಚಪ್ಪಾಳೆಯ ನಡುವೆ ಹೊಳೆಯಿತು.

ಪೂಜೆಯ ಕ್ರಮವನ್ನು ಅವನು ಮೊದಲೇ ಯೋಚಿಸಿಟ್ಟಿದ್ದ. ಲಿವರಿಗೆ ತಾನು ವಿಭೂತಿ ಹಚ್ಚುವುದು, ವಾಣಿಶ್ರೀ ಕುಂಕುಮ ಇಡುವುದು, ಯೋಕಿಗೆ ಸೇವಂತಿಗೆಯ ಮಾಲೆ. ತೆಂಗಿನಕಾಯಿ ಮಾತ್ರ ಮೇಲೆ, ಗ್ಯಾರೇಜಿನಲ್ಲಿ, ಕಾರುಗಳ ಮುಂದೆ. ಕಾರಣ, ಹದಿನಾಲ್ಕು ವರ್ಷಗಳಿಂದ ಅವನ ಹೊಟ್ಟೆಪಾಡೇ ಇದು: ಡಿಯರ್‌ಬಾರ್ನಿನಲ್ಲಿ ಹೊಸ ಕಾರುಗಳ ಗೇರು ಬದಲಿಸುವ ಹಿಡಿಯ ಮೇಲೆ ಕಾಫಿ, ಕೋಲಾ, ಮಗುವಿನ ಹಾಲು ಸುರಿದು, ಒಳಗಿನ ವೈರಿಂಗ್ ಸಾಯುತ್ತದೋ ಬದುಕುತ್ತದೋ ಎಂದು ಪರೀಕ್ಷೆ ಮಾಡುವುದು. ಸಕ್ಕರೆ ಇರುವ ನೀರಿನಷ್ಟು ಕೆಟ್ಟದ್ದು ಬೇರೊಂದಿಲ್ಲ ಎಂದು ಅವನೇ ಹೊಸಬರಿಗೆ ಪಾಠ ಹೇಳುತ್ತಾನೆ. ಅವನು ಕಾಯಿ ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟ.

"ಎಲ್ಲಿಗ್ರೀ?" ಎಂದರು ಬಾಲು.

"ಗ್ಯಾರೇಜಿನ್ಯಾಗ ಒಡೀತೀನ್ರಿ ಡಾಕ್ಟ್ರ."

"ಛೇ ಛೇ, ಗ್ಯಾರೇಜಲ್ಲಿ ಕಾರಿಗೆ ಒಡೀತಾರೆ. ವಿಮಾನಕ್ಕೆ ವಿಮಾನದ ಮುಂದೇನೇ ಆಗ್ಬೇಕು. ಏನ್ ಛಾಯಾ, ಅಲ್ವಾ? ಆಮೇಲೆ ಆ ನೀರನ್ನ ಮೂರು ಸಲ ಪ್ರೋಕ್ಷಣೆ ಮಾಡಿ. ಶಾಸ್ತ್ರ ಅಂದ್ಮೇಲೆ ಪೂರ್ತಿ ಮಾಡ್ಬೇಕಪ್ಪ."

"ಒಳಗ ವೈರಿಂಗ್ ಐತ್ರಿ…"

"ಮೂರು ಹನಿ ರೀ! ನಿಮ್ಮ ವಿಮಾನ ಮಳೇಲಿ ಹಾರಲ್ವಾ?"

ಎಲ್ಲರೂ ನಕ್ಕರು. ಬೇಡ ಎನ್ನುವುದು ಒಂದು ಸಣ್ಣ ಮಾತು. ಅದು ಅವನ ನಾಲಿಗೆಯ ತುದಿಯವರೆಗೆ ಬಂದು, ಅತಿಥಿಗಳ ನಗುವನ್ನು ನೋಡಿ, ಹಿಂದಕ್ಕೆ ಹೋಯಿತು. ಕಾಯಿ ಒಡೆದ. ಒಳ್ಳೆಯ ಕಾಯಿ, ನೀರು ತುಂಬ. ಹೂವಿನಿಂದ ಒಂದು ಸಲ ಚಿಮುಕಿಸಿದ, ಎರಡು ಸಲ ಚಿಮುಕಿಸಿದ. ಮೂರನೆಯ ಸಲ ಹಿಂದಿನಿಂದ ಫೋಟೋ ತೆಗೆಯುವವರು ಯಾರೋ ಮೊಣಕೈ ತಾಗಿಸಿದರು. ಕರಟದ ನೀರೆಲ್ಲ ಲಿವರುಗಳ ಬುಡದ ಸಂದಿಯೊಳಕ್ಕೆ, ಕೊಡ ಬಗ್ಗಿಸಿದಂತೆ ಇಳಿದುಹೋಯಿತು. ಚಿಟ್ ಎಂದು ಒಂದು ಸದ್ದು. ಪರದೆಗಳು ಕಪ್ಪಾದವು. ಮೂರೂ ಹಸಿರು ದೀಪಗಳು ಒಟ್ಟಿಗೆ ಆರಿದವು. ಸುಟ್ಟ ರಬ್ಬರಿನ ವಾಸನೆಯ ಜೊತೆ ಎಳೆಯ ಕಾಯಿಯ ಸಿಹಿ ವಾಸನೆ ಎದ್ದಿತು. ಅಯ್ಯೋ, ಶಾರ್ಟ್ ಆಯ್ತು ಅನ್ಸುತ್ತೆ ಎಂದರು ಛಾಯಾ. ದೃಷ್ಟಿ ಹೋಯ್ತು ಬಿಡಿ, ಒಳ್ಳೇದೇ ಆಯ್ತು ಎಂದರು ಬಾಲು. ವಾಣಿಶ್ರೀ, "ಎಲ್ರೂ ಮೇಲೆ ಬನ್ನಿ, ಊಟ ಆರೋಗುತ್ತೆ" ಎಂದಳು, ಮತ್ತು ಅವನ ಕಡೆ ನೋಡದೆ ಎಲ್ಲರನ್ನೂ ಮೆಟ್ಟಿಲು ಹತ್ತಿಸಿದಳು. ಅವನಿಗೆ ಅದು ಉಪಕಾರವೆಂದು ತಿಳಿಯಿತು, ಆದರೂ ಮೈ ಉರಿಯಿತು.

ಮೇಲೆ ತಟ್ಟೆಗಳ ಸದ್ದು, ಕುರ್ಚಿ ಎಳೆಯುವ ಸದ್ದು, ಯಾರೋ ಕೇಸರಿಬಾತು ಹೊಗಳುವ ಸದ್ದು. ಕೆಳಗೆ ಅವನು ಪ್ಲಗ್ಗು ಕಿತ್ತು, ಸ್ಕ್ರೂ ಬಿಚ್ಚಿ, ರೇಷ್ಮೆ ಪಂಚೆಯಲ್ಲೇ ನೆಲಕ್ಕೆ ಕೂತು, ವಾಣಿಶ್ರೀಯ ಹೇರ್ ಡ್ರೈಯರು ಹಿಡಿದು ಲಿವರಿನ ಬುಡಕ್ಕೆ ಬಿಸಿಗಾಳಿ ಬಿಡುತ್ತಿದ್ದ. ಒಣಗಿದ ಕಡೆಯೆಲ್ಲ ಅಂಟು. ಬೆರಳಿಗೆ ಕುಂಕುಮ, ಕುಂಕುಮಕ್ಕೆ ಎಣ್ಣೆ. ಹೊರಗಿನವರಿಗೆ ಬೇಡ ಎನ್ನಲು ಬಾರದ ಈ ಬಾಯಿ ಮಗಳಿಗೆ ಮಾತ್ರ ಎಷ್ಟು ಸಲೀಸಾಗಿ ಬೇಡ ಅಂದಿತ್ತು ಎಂದು ನೆನೆದು ಅವನಿಗೆ ತನ್ನ ಮೇಲೆ ಅಸಹ್ಯ ಬಂತು. ಅಪ್ಪನೂ ಹೀಗೆಯೇ, ಸ್ಟಾಪಿಲ್ಲದ ಕಡೆ ಕೈ ಮಾಡಿದವರಿಗೆಲ್ಲ ಬಸ್ಸು ನಿಲ್ಲಿಸಿ ಮೆಮೊ ತಿನ್ನುತ್ತಿದ್ದ. ಮನೆಗೆ ಬಂದರೆ ಹುಡುಗರ ಮೇಲೆ ಕೂಗಾಟ. ಆದರೆ ಬೋರ್ಡ್ ಪರೀಕ್ಷೆಯ ದಿನ ಸೈಕಲ್ ಪಂಕ್ಚರಾಗಿ ಕಲ್ಮೇಶ ರಸ್ತೆಯಲ್ಲಿ ನಿಂತಿದ್ದಾಗ, ಎದುರಿನಿಂದ ಬಂದ ಅಪ್ಪ ಐವತ್ತು ಜನರಿದ್ದ ಬಸ್ಸನ್ನು ಹಿಂದಕ್ಕೆ ತಿರುಗಿಸಿ ಅವನನ್ನು ಶಾಲೆಗೆ ಬಿಟ್ಟಿದ್ದ. ಇಳಿಯುವಾಗ ಗೆಳೆಯರು ನೋಡಿಯಾರೆಂದು ಅವನು ಅಪ್ಪನ ಕಡೆ ತಿರುಗಿ ಸಹ ನೋಡಿರಲಿಲ್ಲ. ಡ್ರೈಯರು ಬಿಸಿಯಾಗಿ ತಾನೇ ನಿಂತಿತು. ಅದನ್ನು ಬಡಿದು ಮತ್ತೆ ಹಚ್ಚಿದ.

ರಿಯಾ ತಟ್ಟೆ ಹಿಡಿದು ಇಳಿದು ಬಂದಳು.

"ಅಪ್ಪ, ತಿನ್ನಿ."

"ಅಲ್ಲೆ ಇಡು."

ಅವಳು ತಟ್ಟೆಯನ್ನು ಅಕ್ಕಿಚೀಲದ ಮೇಲಿಟ್ಟು ಎಡಗಡೆಯ ಸೀಟಿನ ಬೆನ್ನಿನ ಮೇಲೆ ಕೈ ಇಟ್ಟಳು. "ಕ್ಯಾನ್ ಐ ಸಿಟ್?"

"ಏನೂ ನಡ್ಯಾಂಗಿಲ್ಲ ಈಗ. ಎಲ್ಲಾ ಸತ್ತು ಹೋಗೇತಿ."

"ಇಟ್ಸ್ ಓಕೆ."

ಅವನು ನೆಲದಿಂದಲೇ ನೋಡುತ್ತಿದ್ದ. ಹೊಸದಾಗಿ ಕೂತವರು ಮೊದಲು ದೊಡ್ಡ ಲಿವರು ಹಿಡಿಯುತ್ತಾರೆ, ಬಾಲು ಹಿಡಿದ ಹಾಗೆ. ರಿಯಾ ಲಿವರನ್ನು ಮುಟ್ಟಲಿಲ್ಲ. ಸೀಟನ್ನು ಮುಂದಕ್ಕೆ ಸರಿಸಿಕೊಂಡು, ಅದು ಗಟ್ಟಿಯಾಗಿ ಕೂತಿತೋ ಇಲ್ಲವೋ ಎಂದು ಸೊಂಟದಿಂದ ಎರಡು ಸಲ ಹಿಂದಕ್ಕೂ ಮುಂದಕ್ಕೂ ಜಗ್ಗಿ ನೋಡಿದಳು. ಹಿಮ್ಮಡಿ ನೆಲಕ್ಕೂರಿ ಪೆಡಲುಗಳ ಮೇಲೆ ಪಾದ ಇಟ್ಟಳು. ಆಮೇಲೆ ಸೇವಂತಿಗೆಯ ಮಾಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಯೋಕನ್ನು ಹಿಡಿದು, ಎರಡೂ ಹೆಬ್ಬೆರಳುಗಳನ್ನು ಮೇಲಕ್ಕೆ ನಿಲ್ಲಿಸಿ, ಎಡಕ್ಕೆ ಪೂರ್ತಿ ತಿರುಗಿಸಿ ಎಡಗಡೆಯ ಕಿಟಕಿಯಾಚೆ ನೋಡಿದಳು. ಬಲಕ್ಕೆ ತಿರುಗಿಸಿ ಬಲಗಡೆ ನೋಡಿದಳು. ಎಡಗಡೆ ಇದ್ದದ್ದು ವಾಟರ್ ಹೀಟರು, ಬಲಗಡೆ ಅಕ್ಕಿಚೀಲ. ಅವಳು ನೋಡಿದ್ದು ರೆಕ್ಕೆಯನ್ನು. ಹೆಬ್ಬೆರಳು ತೋರಿಸುವ ಕಡೆ ರೆಕ್ಕೆಯ ಅಂಚು ಮೇಲೇಳಬೇಕು. ಪಾಠ ಹೇಳುವವರು ಮೊದಲ ದಿನ ಕಲಿಸುವುದು ಅದನ್ನೇ ಎಂದು ಅವನು ನೂರು ವಿಡಿಯೋಗಳಲ್ಲಿ ನೋಡಿದ್ದ. ಅದನ್ನು ಹೀಗೆ, ಯೋಚನೆಯಿಲ್ಲದೆ, ಬಾಗಿಲು ತೆರೆಯುವವರ ಹಾಗೆ ಮಾಡುವುದನ್ನು ಮಾತ್ರ ಯಾರ ಕೈಯಲ್ಲೂ ನೋಡಿರಲಿಲ್ಲ. ಅವನು ಡ್ರೈಯರು ಆರಿಸಿದ.

"ಇಲ್ಲೀತನ ಎಷ್ಟ ತಾಸ ಹಾರ್ಸೀದಿ?"

ರಿಯಾಳ ಕೈ ಯೋಕಿನ ಮೇಲೆ ನಿಂತಿತು. ಮೇಲೆ ಬಾಲು ಏನೋ ಹೇಳಿದ್ದಕ್ಕೆ ಎಲ್ಲರೂ ನಕ್ಕರು.

"ನೈಂಟಿ ಫೋರ್" ಎಂದಳು.

"ಲೈಸೆನ್ಸು?"

"ಲಾಸ್ಟ್ ಜೂನ್."

"ಇವತ್ತ ಯಾರ ಕಾರಿನ್ಯಾಗ ಬಂದಿ?"

ಅವಳು ಮೆಟ್ಟಿಲ ಕಡೆ ಒಮ್ಮೆ ನೋಡಿದಳು, ಆಮೇಲೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಕಾರಿನಲ್ಲಿ ಬಂದಿಲ್ಲ. ಬೆಳಿಗ್ಗೆ ಅಲ್ಲಿಯ ಏಳಕ್ಕೆ, ಅಂದರೆ ಇಲ್ಲಿಯ ಎಂಟಕ್ಕೆ, ಲೊಂಬಾರ್ಡಿನ ಹತ್ತಿರದ ಚಿಕ್ಕ ಏರ್‌ಪೋರ್ಟಿನಿಂದ ಬಾಡಿಗೆಯ ನಾಲ್ಕು ಸೀಟಿನ ವಿಮಾನದಲ್ಲಿ ಹೊರಟು, ನಡುವಿನ ದೊಡ್ಡ ಸರೋವರದ ಮೇಲೆ ಹಾಯದೆ ದಂಡೆ ಹಿಡಿದು ಬಳಸಿ, ಎರಡು ತಾಸು ನಲವತ್ತು ನಿಮಿಷಕ್ಕೆ ಇಲ್ಲೇ ಪಕ್ಕದ ಪಾಂಟಿಯಾಕ್‌ನಲ್ಲಿ ಇಳಿದಿದ್ದಾಳೆ. ಅಮ್ಮ ಬೇಲಿಯ ಆಚೆ ನಿಂತು ಕೈ ಬೀಸುತ್ತಿದ್ದಳು. ಅಮ್ಮನಿಗೆ ಮೊದಲಿನಿಂದಲೂ ಗೊತ್ತು. ಆಗಸ್ಟಿನಲ್ಲಿ ಅಮ್ಮ ಲೊಂಬಾರ್ಡಿಗೆ ಬಂದಿದ್ದಾಗ ಒಮ್ಮೆ ಜೊತೆಯಲ್ಲಿ ಹಾರಿಯೂ ಇದ್ದಾಳೆ, ಕಣ್ಣು ಮುಚ್ಚಿಕೊಂಡು.

ಮೊದಲು ಬಂದದ್ದು ಸಿಟ್ಟು. ಅವನು ಇಲ್ಲಿ ಪ್ಲೈವುಡ್ಡಿಗೆ ಸ್ಕ್ರೂ ಹೊಡೆಯುತ್ತಿದ್ದಾಗ, ಓಹಾಯೋದ ಮುದುಕನ ಕೈಯಲ್ಲಿ ನಗೆಪಾಟಲಾಗುತ್ತಿದ್ದಾಗ, ಮೇಲೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಇಲಿನಾಯ್ಸಿನ ಆಕಾಶದಲ್ಲಿ ಹಾರಿ ಬಂದಿದ್ದಳು. ಬಂದು, ಶಿಕಾಗೋದಲ್ಲಿ ಸೆಕೆ ಜಾಸ್ತಿ ಎಂದಿದ್ದಳು. "ನನಗ್ಯಾಕ ಹೇಳಲಿಲ್ಲ?" ಎಂದು ಅವನು ಕೂಗಿದ, ಮೇಲಿನ ಮಾತು ಒಂದು ಕ್ಷಣ ನಿಂತಿತು.

"ಐ ವಾಸ್ ವೇಟಿಂಗ್, ಅಪ್ಪ. ಯು ಕೆಪ್ಟ್ ಸೇಯಿಂಗ್ ಟೂ ಮೋರ್ ವೀಕ್ಸ್."

ಅಪ್ಪನದು ಮೊದಲು ಮುಗಿಯಲಿ, ಆಮೇಲೆ ಹೇಳು ಅಂದಿದ್ದಳಂತೆ ಅಮ್ಮ. ಈಗಲೇ ಹೇಳಿದರೆ ಅವರಿಗೆ ಇದು ಆಟದ ಸಾಮಾನಿನ ಹಾಗೆ ಕಂಡು ಅರ್ಧಕ್ಕೇ ಬಿಟ್ಟುಬಿಡುತ್ತಾರೆ ಎಂದಿದ್ದಳಂತೆ. ಹಾಗಾಗಿ ಅವರಿಬ್ಬರೂ ಅವನ ಎರಡು ವಾರಗಳನ್ನು ಒಂದಾದ ಮೇಲೊಂದರಂತೆ ಕಾದಿದ್ದರು. ತಾನು ಮಗಳಿಗೆ ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದಾಗ ಅವರು ತನ್ನನ್ನೇ ಮಗುವಿನಂತೆ ನೋಡಿಕೊಂಡಿದ್ದಾರೆ. ಅವಮಾನದಿಂದ ಅವನ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡೋಣವೆಂದರೆ ಮೇಲೆ ಜನ. ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ನೋಡುತ್ತಾ, ಕೊನೆಗೆ ಅವನು ಹೇಳಬೇಕಾದದ್ದನ್ನು ಹೇಳಲು ಹೊರಟ.

"ರಿಯಾ, ಅವತ್ತ ನಾ ಅಂದ ಮಾತು…"

"ದಿ ಡ್ರೈವರ್ ಥಿಂಗ್?"

"ಹೂಂ. ನಿನಗ ಹಾರಬ್ಯಾಡ ಅಂದಿದ್ದು. ಅದು… ನನ್ನ ತಪ್ಪು."

ರಿಯಾ ತಲೆಯಾಡಿಸಿದಳು. "ಅದಕ್ಕಲ್ಲ" ಎಂದಳು, ಕನ್ನಡದಲ್ಲಿ. ಮುಂದಿನದಕ್ಕೆ ಕನ್ನಡ ಸಾಲದೆ ಇಂಗ್ಲಿಷಿಗೆ ಹೋದಳು. ಬೇಡ ಅಂದದ್ದಕ್ಕೆ ಒಂದು ವಾರ ಸಿಟ್ಟಿತ್ತು, ಅಷ್ಟೆ. ಎಲ್ಲ ಅಪ್ಪಂದಿರೂ ಏನಾದರೂ ಒಂದಕ್ಕೆ ಬೇಡ ಅಂತಾರೆ. ಆದರೆ ಸಾರಿಗೆ ಇಲಾಖೆಯಲ್ಲಿದ್ದ ಅಜ್ಜ ಬಸ್ಸು ಓಡಿಸುತ್ತಿದ್ದ ಎಂಬುದು ತನಗೆ ಗೊತ್ತಾಗಿದ್ದು ಬೈಗುಳದ ಒಳಗಿನಿಂದ, ಆಮೇಲೆ ಅಮ್ಮನ ಬಾಯಿಂದ. ಹದಿನೆಂಟು ವರ್ಷ ಹೇಳಲಿಲ್ಲ. ಆ ದಿನ ಕೇಳಿದಾಗಲೂ ಹೇಳಲಿಲ್ಲ. "ಯು ವರ್ ಅಶೇಮ್ಡ್ ಆಫ್ ಹಿಮ್. ಐ ಕುಡ್ ಹಿಯರ್ ಇಟ್" ಎಂದಳು. ದನಿ ಏರಲಿಲ್ಲ. ಯೋಕಿನ ಮೇಲಿನ ಹೂವಿನ ಎಸಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು.

ಕಲ್ಮೇಶ ಸ್ಕ್ರೂ ಡ್ರೈವರನ್ನು ನೆಲಕ್ಕಿಟ್ಟ. ಗಾಯ ಒಂದು ಕಡೆ ಇದ್ದರೆ ತಾನು ನಾಲ್ಕು ವರ್ಷ ಬೇರೊಂದು ಕಡೆ ಪಟ್ಟಿ ಕಟ್ಟಿದ್ದ. ಇಷ್ಟು ಮರ, ಇಷ್ಟು ತಂತಿ, ಗುಜರಿಯವನ ಇಷ್ಟು ಚೌಕಾಸಿ, ಎಲ್ಲಕ್ಕೂ ಬದಲಾಗಿ ಅಡುಗೆಮನೆಯಲ್ಲಿ ಅಪ್ಪನ ಹೆಸರನ್ನು ಒಮ್ಮೆ ಹೇಳಿದ್ದರೆ ಆಗುತ್ತಿತ್ತು.

"ವಿಚ್ ರ‍ೂಟ್?" ಎಂದಳು ರಿಯಾ.

"ಏನು?"

"ಅಜ್ಜನ ಬಸ್."

"ಗದಗ–ಹುಬ್ಬಳ್ಳಿ. ಅಣ್ಣಿಗೇರಿ ಮ್ಯಾಲೆ. ದಿನಕ್ಕ ಮೂರ ಸಲ ಹೋಗೂದು, ಮೂರ ಸಲ ಬರೂದು." ತಡೆದು ಅವನು ಸೇರಿಸಿದ: "ಮಲ್ಲಪ್ಪ ಅಂತ. ಇಪ್ಪತ್ತೆಂಟ ವರ್ಷ ಹೊಡದಾನ. ಒಂದ ಆಕ್ಸಿಡೆಂಟ್ ಇಲ್ಲ."

ರಿಯಾ ಆ ಹೆಸರನ್ನು ಬಾಯಲ್ಲೇ ಒಮ್ಮೆ ಹೇಳಿ ನೋಡಿದಳು. ಆಮೇಲೆ ಸೀಟನ್ನು ಹಿಂದಕ್ಕೆ ಸರಿಸಿ ಕೆಳಗಿಳಿದು, ಅವನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಾಳೆ ಮಧ್ಯಾಹ್ನದ ನಂತರ ಗಾಳಿ ಜೋರಾಗುತ್ತದಂತೆ, ಅಷ್ಟರೊಳಗೆ ವಾಪಸ್ಸು ಹೊರಡಬೇಕು. ಆದರೆ ಬೆಳಿಗ್ಗೆ ಒಂದು ತಾಸು ಬಿಡುವಿದೆ. "ಬರ್ತೀರಾ ಅಪ್ಪ?" ಎಂದಳು, ಅಮ್ಮನ ಮೈಸೂರು ಕನ್ನಡದಲ್ಲಿ.

ಅವನು ನೆಲ ನೋಡಿದ. ಚಿಕ್ಕ ವಿಮಾನವೆಂದರೆ ಅವನಿಗೆ ಹೆದರಿಕೆ. ಅದನ್ನೂ ಯಾರಿಗೂ ಹೇಳಿರಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದ.

ರಿಯಾ ಫೋನು ತೆಗೆದಳು. "ಯುವರ್ ವೇಟ್? ಐ ಹ್ಯಾವ್ ಟು ಡು ದಿ ಬ್ಯಾಲೆನ್ಸ್." ಚಿಕ್ಕ ವಿಮಾನದಲ್ಲಿ ಯಾರ ತೂಕ ಎಷ್ಟೆಂದು ತಿಳಿಯದೆ ಏಳುವಂತಿಲ್ಲ, ಅಮ್ಮನದು ಆಗಲೇ ಗೊತ್ತಿದೆ, ಎಂದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಅದು ಗೊತ್ತಿರಲಿಲ್ಲ.

"ನೂರಾ ಎಂಬತ್ತೈದು ಪೌಂಡು" ಎಂದ ಕಲ್ಮೇಶ. ಬಾಲು ಕೇಳಿದಾಗಲೂ, ವಿಮೆಯ ಅರ್ಜಿಯಲ್ಲೂ, ಹೆಂಡತಿಗೂ ಅವನು ಹೇಳುತ್ತಿದ್ದ ಸಂಖ್ಯೆ ಅದು.

ರಿಯಾ ಬರೆದುಕೊಳ್ಳಲಿಲ್ಲ. ಹೆಬ್ಬೆರಳನ್ನು ಫೋನಿನ ಮೇಲೆ ಹಿಡಿದು ಅವನ ಮುಖ ನೋಡುತ್ತಾ ಕಾದಳು. ಅವನಿಗೆ ಅವಳ ಮೇಲೆ ರೇಗಿತು, ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದ.

"ಎರಡನೂರಾ ಹನ್ನೊಂದು."

"ಥ್ಯಾಂಕ್ ಯು" ಎಂದು ಅವಳು ಬರೆದುಕೊಂಡಳು.